ಕೆಂಪು ಇಳಿಯಿತು, ಒತ್ತಡ ಏರಿತು

2023ರ ಜುಲೈ ಕೊನೆಯ ಹೊತ್ತಿಗೆ ಮಳೆಯ ಬೆನ್ನಿಗೇ ಮದ್ರಾಸ್ ಐ ಕರ್ನಾಟಕಕ್ಕೆ ಕಾಲಿಟ್ಟಿತು. ಕೆಲವೇ ವಾರಗಳಲ್ಲಿ ಹತ್ತಾರು ಸಾವಿರ ಜನರ ಕಣ್ಣು ಕೆಂಪಾಯಿತು. ಕೈ ತೊಳೆಯಿರಿ, ಟವೆಲ್ ಹಂಚಿಕೊಳ್ಳಬೇಡಿ, ವೈದ್ಯರನ್ನು ಕೇಳದೆ ಕಣ್ಣಿಗೆ ಏನನ್ನೂ ಹಾಕಬೇಡಿ ಎಂಬ ಸಲಹೆಗಳು ಹೊರಬಿದ್ದವು. ಮೊದಲೆರಡು ಸಲಹೆಗಳನ್ನು ಜನ ಬಹುಮಟ್ಟಿಗೆ ಪಾಲಿಸಿದರು. ಮೂರನೆಯದು ಮಾತ್ರ ಅಂಗಡಿಯ ಕೌಂಟರ್ ದಾಟಲಿಲ್ಲ. ಅದು ಆ ವರ್ಷದ ಮಾತಷ್ಟೇ ಅಲ್ಲ, ಇವತ್ತಿಗೂ ಹಾಗೇ ಇದೆ.

ಬೆಂಗಳೂರಿನ ಬನಶಂಕರಿ ಎರಡನೇ ಹಂತದ ಯಾವ ಮುಖ್ಯರಸ್ತೆಯಲ್ಲಿ ನಡೆದರೂ ಕೂಗಳತೆಗೊಂದು ಮೆಡಿಕಲ್ ಸ್ಟೋರ್ ಸಿಗುತ್ತದೆ. ಅಲ್ಲಿ ನಡೆಯುವ ಮಾತು ತೀರ ಚಿಕ್ಕದು. "ಅಣ್ಣಾ, ಮಗೂಗೆ ಕಣ್ಣು ಕೆಂಪಾಗಿದೆ, ಏನಾದ್ರೂ ಡ್ರಾಪ್ಸ್ ಕೊಡಿ." "ಇದನ್ನ ದಿನಕ್ಕೆ ನಾಲ್ಕು ಸಲ ಹಾಕಿ ಮೇಡಂ, ನಾಳೆಗೇ ಕಮ್ಮಿ ಆಗುತ್ತೆ." ಹೆಬ್ಬೆರಳಿನ ಗಾತ್ರದ ಒಂದು ಬಾಟಲಿ ಕೈಬದಲಾಗುತ್ತದೆ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಮರುದಿನ ಬೆಳಿಗ್ಗೆ ಕೆಂಪು ನಿಜಕ್ಕೂ ಇಳಿದಿರುತ್ತದೆ. ಅಪಾಯ ಶುರುವಾಗುವುದು ಅಲ್ಲಿಂದಲೇ.

ಹೀಗೆ ಕೈಗೆ ಬರುವ ಬಾಟಲಿಗಳಲ್ಲಿ ಎಷ್ಟೋ ಸಲ ಎರಡು ಔಷಧಿಗಳು ಕೂಡಿರುತ್ತವೆ: ಒಂದು ಆ್ಯಂಟಿಬಯೋಟಿಕ್, ಇನ್ನೊಂದು ಸ್ಟೀರಾಯ್ಡ್. ಮದ್ರಾಸ್ ಐ ಸಾಮಾನ್ಯವಾಗಿ ವೈರಸ್‌ನಿಂದ ಬರುವ ಬೇನೆ. ಆ್ಯಂಟಿಬಯೋಟಿಕ್ಕಿಗೆ ಅಲ್ಲಿ ಕೆಲಸವೇ ಇಲ್ಲ. ಕೆಂಪು, ಊತ, ಉರಿಯನ್ನು ಒತ್ತಿಹಿಡಿಯುವುದು ಸ್ಟೀರಾಯ್ಡ್. ಕಾಯಿಲೆಯ ಲಕ್ಷಣ ಅಡಗುತ್ತದೆ, ವೈರಸ್‌ಗೆ ಮಾತ್ರ ಕಣ್ಣಿನಲ್ಲಿ ಇನ್ನಷ್ಟು ದಿನ ಉಳಿಯಲು ದಾರಿಯಾಗುತ್ತದೆ. ತಣ್ಣೀರಿನ ಪಟ್ಟಿ, ಕಣ್ಣು ತೇವವಾಗಿಡುವ ಹನಿ, ವಾರ-ಎರಡು ವಾರದ ತಾಳ್ಮೆ ಇದ್ದರೆ ತಾನಾಗಿ ಹೋಗುವ ಬೇನೆಗೆ ಇಷ್ಟು ಬಲವಾದ ಔಷಧಿ ಬೇಕಾಗಿರುವುದಿಲ್ಲ. ಕೆಲವರಲ್ಲಿ ಬೇನೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಇಳಿದು ನೋಟ ಮಸುಕಾಗುವುದುಂಟು. ಆಗ ಸ್ಟೀರಾಯ್ಡ್ ಬೇಕಾಗಬಹುದು. ಅದನ್ನು ತೀರ್ಮಾನಿಸಬೇಕಾದವರು ಸ್ಲಿಟ್ ಲ್ಯಾಂಪ್ ಎಂಬ ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕದ ಮುಂದೆ ರೋಗಿಯನ್ನು ಕೂರಿಸಿ ನೋಡಿದ ವೈದ್ಯರು.

ಹಾಗೆಂದು ಸ್ಟೀರಾಯ್ಡ್ ಎಂಬ ಹೆಸರು ಕೇಳಿದೊಡನೆ ಹೌಹಾರುವುದೂ ತಪ್ಪೇ. ಕಾರ್ಟಿಸೋನ್ ಕುರಿತ ಕೆಲಸಕ್ಕೆ ಕೆಂಡಾಲ್, ಹೆಂಚ್, ರೈಕ್‌ಸ್ಟೈನ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಬಂತು. ಅದಾದ ಮೇಲೆ ಕಣ್ಣಿನ ಚಿಕಿತ್ಸೆಯ ಚಹರೆಯೇ ಬದಲಾಯಿತು. ಕಣ್ಣಿನ ನಡುಪದರದ ಉರಿಯೂತವಾದ ಯೂವಿಯೈಟಿಸ್‌ನಿಂದ ಹಿಂದೆ ದೃಷ್ಟಿ ಕಳೆದುಕೊಳ್ಳುತ್ತಿದ್ದವರು ಇಂದು ಓದಿ ಬರೆದು ಓಡಾಡುತ್ತಿರುವುದು ಈ ಹನಿಗಳಿಂದ. ದಾನವಾಗಿ ಬಂದ ಕಾರ್ನಿಯಾವನ್ನು ದೇಹ ತಿರಸ್ಕರಿಸದಂತೆ ಕಾಯುವುದೂ ಇದೇ. ಪೊರೆಯ ಆಪರೇಷನ್ ಮಾಡಿಸಿಕೊಂಡವರಿಗೆಲ್ಲ ಈ ಹನಿಯ ಪರಿಚಯವಿದೆ. ಮೊದಲ ವಾರ ದಿನಕ್ಕೆ ಇಷ್ಟು ಸಲ, ಮುಂದಿನ ವಾರ ಇಷ್ಟು ಎಂದು ಇಳಿಸುತ್ತಾ ಬಂದು ಕೆಲವು ವಾರಗಳಲ್ಲಿ ನಿಲ್ಲಿಸುವ ಪಟ್ಟಿಯನ್ನು ಆಸ್ಪತ್ರೆಯವರೇ ಕೈಗಿಟ್ಟು ಕಳಿಸುತ್ತಾರೆ. ಹಾಗೆ ಲೆಕ್ಕ ಇಟ್ಟು ಹಾಕಿದಾಗ ಅದು ವರ. ತಕರಾರಿರುವುದು ಲೆಕ್ಕ ತಪ್ಪಿದ ಬಾಟಲಿಯ ಬಗ್ಗೆ: ಅಜ್ಜನ ಆಪರೇಷನ್ ಮುಗಿದ ಮೇಲೆ ಫ್ರಿಜ್ಜಿನ ಬಾಗಿಲಲ್ಲಿ ಉಳಿದು, ಮೂರು ತಿಂಗಳ ನಂತರ ಮೊಮ್ಮಗಳ ಕಣ್ಣಿಗೆ ಬೀಳುವ ಬಾಟಲಿ, ಎರಡು ವರ್ಷದ ಹಿಂದಿನ ಚೀಟಿ ತೋರಿಸಿ ಮತ್ತೆ ಮತ್ತೆ ತರಿಸುವ ಬಾಟಲಿ.

ಕಣ್ಣಿನೊಳಗೆ ಸದಾ ಒಂದು ತಿಳಿನೀರು ಹುಟ್ಟಿ, ಹರಿದು, ಹೊರಹೋಗುತ್ತಿರುತ್ತದೆ. ಅದು ಹೊರಹೋಗುವ ಮೂಲೆಯಲ್ಲಿ ಬಚ್ಚಲಿನ ಜಾಲರಿಯಂಥದ್ದೊಂದು ನವಿರಾದ ಹೆಣಿಗೆ ಇದೆ. ಸ್ಟೀರಾಯ್ಡ್ ಆ ಹೆಣಿಗೆಯ ಜೀವಕೋಶಗಳ ನಡವಳಿಕೆಯನ್ನೇ ಬದಲಿಸುತ್ತದೆ. ಬೇಡದ ವಸ್ತು ಅಲ್ಲಿ ಸೇರಿಕೊಂಡು ದಾರಿ ಬಿಗಿಯುತ್ತದೆ. ನೀರು ಹುಟ್ಟುವುದು ನಿಲ್ಲುವುದಿಲ್ಲ, ಹೋಗುವುದು ತಡವಾಗುತ್ತದೆ, ಒಳಗಿನ ಒತ್ತಡ ಏರುತ್ತದೆ. ಸಾಮಾನ್ಯ ಕಣ್ಣಿನಲ್ಲಿ ಆ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸದಷ್ಟು. ಸ್ಟೀರಾಯ್ಡಿಗೆ ಒಗ್ಗದ ಕಣ್ಣಿನಲ್ಲಿ ಅದು 30, 40 ದಾಟಬಹುದು. ಕಣ್ಣಿನ ಹಿಂಭಾಗದಿಂದ ಮಿದುಳಿಗೆ ಹೋಗುವ ನರ ಆ ಒತ್ತಡಕ್ಕೆ ಎಳೆ ಎಳೆಯಾಗಿ ಸಾಯುತ್ತದೆ. ಇದೇ ಗ್ಲಾಕೋಮಾ.

ಎಲ್ಲರಿಗೂ ಹೀಗಾಗುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ಅರ್ಮಾಲಿ ಮತ್ತು ಬೆಕರ್ ಎಂಬ ವೈದ್ಯರು ಆರೋಗ್ಯವಂತರ ಕಣ್ಣಿಗೇ ಕೆಲವು ವಾರ ಸ್ಟೀರಾಯ್ಡ್ ಹನಿ ಹಾಕಿ ಒತ್ತಡ ಅಳೆದರು. ನೂರರಲ್ಲಿ ಸುಮಾರು ಮೂವತ್ತು ಜನರಿಗೆ ಒತ್ತಡ ಗಮನಿಸುವಷ್ಟು ಏರಿತು. ನಾಲ್ಕರಿಂದ ಆರು ಜನರಿಗೆ ತುಂಬಾ ಏರಿತು. ಈ ನಾಲ್ಕಾರು ಜನ ಯಾರೆಂದು ಮುಖ ನೋಡಿ ಹೇಳಲಾಗದು. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ದಪ್ಪ ಮೈನಸ್ ಕನ್ನಡಕ ಇದ್ದರೆ ಅಪಾಯ ಹೆಚ್ಚು ಎಂಬುದು ಗೊತ್ತು. ಮಕ್ಕಳಲ್ಲಿ ಒತ್ತಡ ಬೇಗನೆ ಏರುತ್ತದೆ, ಹೆಚ್ಚೇ ಏರುತ್ತದೆ ಎಂಬುದೂ ಗೊತ್ತು. ಉಳಿದದ್ದನ್ನು ತಿಳಿಯಲು ಅಳೆಯುವುದೊಂದೇ ದಾರಿ.

ಮಕ್ಕಳ ವಿಷಯದಲ್ಲಿ ಇಡೀ ಊರು ಎಚ್ಚರವಾಗಬೇಕು.

ಬೆಂಗಳೂರಿನಲ್ಲಿ ಅಲರ್ಜಿ ಇಲ್ಲದ ಮನೆ ಹುಡುಕುವುದು ಕಷ್ಟ. ಹೂಪರಾಗ, ಅಗೆದ ರಸ್ತೆಯ ದೂಳು, ಕಟ್ಟಡ ಕಾಮಗಾರಿಯ ಸಿಮೆಂಟು, ಪಾರ್ಥೇನಿಯಂ, ಎಲ್ಲವೂ ಸೇರಿ ಮಕ್ಕಳ ಮೂಗು ಕಣ್ಣುಗಳನ್ನು ಕಾಡುತ್ತವೆ. ಇದರಲ್ಲಿ ಕಣ್ಣಿಗೆ ಬರುವ ಒಂದು ಹಟಮಾರಿ ಬಗೆಯ ಅಲರ್ಜಿಗೆ ವೈದ್ಯರು ವರ್ನಲ್ ಎನ್ನುತ್ತಾರೆ. ಹೆಚ್ಚಾಗಿ ಗಂಡುಮಕ್ಕಳಿಗೆ, ಐದಾರು ವಯಸ್ಸಿನಿಂದ ಹದಿಹರೆಯದವರೆಗೆ. ಮಗು ಮಣಿಕಟ್ಟಿನಿಂದ, ಅಂಗಿಯ ತೋಳಿನಿಂದ ಕಣ್ಣುಜ್ಜಿ ಉಜ್ಜಿ ರೆಪ್ಪೆಯ ಸುತ್ತ ಚರ್ಮ ಕಪ್ಪಾಗಿರುತ್ತದೆ. ಬಿಸಿಲಿಗೆ ಹೋದರೆ ಕಣ್ಣು ಬಿಡಲಾಗದು. ಬೆಳಿಗ್ಗೆ ಕಣ್ಣಿನ ಮೂಲೆಯಿಂದ ಬಿಳಿ ದಾರದಂಥ ಪಿಸಿರು ಎಳೆದುಬರುತ್ತದೆ. ಮೇಲಿನ ರೆಪ್ಪೆ ಮಗುಚಿ ನೋಡಿದರೆ ಒಳಗೆ ಕಲ್ಲು ಹಾಸಿದಂತೆ ಉಬ್ಬುಗಳು. ಬೇಸಿಗೆ ಬಂದರೆ ಹೆಚ್ಚು, ಬೆಂಗಳೂರಿನಂಥ ಊರಿನಲ್ಲಿ ಕೆಲವು ಮಕ್ಕಳಿಗೆ ವರ್ಷಪೂರ್ತಿ.

ಇಂಥ ಮಗುವಿಗೆ ವೈದ್ಯರು ಎರಡು ವಾರಕ್ಕೆಂದು ಸ್ಟೀರಾಯ್ಡ್ ಹನಿ ಬರೆಯುತ್ತಾರೆ, ಜೊತೆಗೆ ಬಹುಕಾಲ ಹಾಕಬಹುದಾದ ಅಲರ್ಜಿ ಹನಿ. ಮೊದಲನೆಯದು ಹಾಕಿದ ಎರಡನೇ ದಿನಕ್ಕೇ ಮಗು ನಗುತ್ತಾ ಶಾಲೆಗೆ ಹೋಗುತ್ತದೆ. ಎರಡನೆಯದರ ಪರಿಣಾಮ ನಿಧಾನ. ತಿಂಗಳು ಕಳೆದು ತುರಿಕೆ ಮರಳಿದಾಗ ಅಮ್ಮನಿಗೆ ನೆನಪಾಗುವುದು ಯಾವ ಬಾಟಲಿ? ತಾಯಿಯಾದವಳು ಮಗುವಿನ ಸಂಕಟ ನೋಡಲಾರದೆ ಮಾಡುವ ಕೆಲಸವದು. ಅವಳನ್ನು ದೂರಿ ಫಲವಿಲ್ಲ. ಅಪ್ಪ ಆಫೀಸಿನಿಂದ ಬರುವಾಗ ಖಾಲಿ ಬಾಟಲಿಯ ಫೋಟೊ ತೋರಿಸಿ ಇನ್ನೊಂದು ತರುತ್ತಾರೆ. ಅದು ಮುಗಿದರೆ ಮತ್ತೊಂದು. ವರ್ಷ ಉರುಳುತ್ತದೆ.

ಈ ನಡುವೆ ಮಗುವಿಗೆ ನೋವಿಲ್ಲ, ಕೆಂಪಿಲ್ಲ. ನೋಟ ಕಳೆಯುವುದು ಅಂಚಿನಿಂದ. ನಡುವಿನ ನೋಟ ಕೊನೆಯವರೆಗೂ ಚೆನ್ನಾಗಿರುತ್ತದೆ. ಕನ್ನಡಕದ ಅಂಗಡಿಯ ಉಚಿತ ತಪಾಸಣೆಯಲ್ಲಿ ಮಗು ಬೋರ್ಡಿನ ಕಟ್ಟಕಡೆಯ ಸಾಲನ್ನೂ ಓದಬಲ್ಲದು. ಅಕ್ಷರ ಓದಿಸುವ ಆ ಪರೀಕ್ಷೆಯಲ್ಲಿ ಒತ್ತಡ ತಿಳಿಯುವುದಿಲ್ಲ. ಪಕ್ಕದಿಂದ ಬಂದ ಸೈಕಲ್ಲು ಕಾಣದೆ ಬಿದ್ದಾಗಲೋ, ಕ್ಯಾಚ್ ಪದೇ ಪದೇ ಬಿಟ್ಟಾಗಲೋ ದೊಡ್ಡವರಿಗೆ ಅನುಮಾನ ಬರುತ್ತದೆ. ಅಷ್ಟರಲ್ಲಿ ನರದ ಬಹುಪಾಲು ಹೋಗಿರುತ್ತದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು ವರ್ನಲ್ ಇರುವ ಸಾವಿರಾರು ರೋಗಿಗಳ ದಾಖಲೆ ನೋಡಿದಾಗ, ನೂರಕ್ಕೆ ಸುಮಾರು ಇಬ್ಬರಲ್ಲಿ ಸ್ಟೀರಾಯ್ಡ್ ತಂದ ಗ್ಲಾಕೋಮಾ ಕಂಡಿತು. ಅವರಲ್ಲಿ ಹಲವರು ಆಸ್ಪತ್ರೆಗೆ ಬರುವ ಹೊತ್ತಿಗೇ ದೃಷ್ಟಿ ಕಳೆದುಕೊಂಡಿದ್ದರು. ನೂರಕ್ಕೆ ಇಬ್ಬರು ಎಂಬುದು ಸಣ್ಣ ಸಂಖ್ಯೆಯೆಂದು ತೋರಬಹುದು. ಆದರೆ ಅಲರ್ಜಿಯಿಂದ ಯಾವ ಮಗುವೂ ಕುರುಡಾಗಬೇಕಿರಲಿಲ್ಲ.

ಹನಿ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಒತ್ತಡ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಾಕಿದ್ದರೆ ಇಳಿಯದೆಯೂ ಇರಬಹುದು. ಆಗ ಕೆಲವೊಮ್ಮೆ ಶಸ್ತ್ರಚಿಕಿತ್ಸೆ ಮಾಡಿ ನೀರಿಗೆ ಬೇರೆ ದಾರಿ ಕೊಡಬೇಕಾಗುತ್ತದೆ. ಸತ್ತ ನರ ಮಾತ್ರ ಮರಳುವುದಿಲ್ಲ.

ಪೊರೆಯ ಕಥೆ ಇಷ್ಟು ಕ್ರೂರವಲ್ಲ. ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವರ ಮಸೂರದ ಹಿಂಬದಿಯಲ್ಲಿ ಪೊರೆ ಕಟ್ಟುತ್ತದೆ. ಸಂಧಿವಾತಕ್ಕೆ ವರ್ಷಾನುಗಟ್ಟಲೆ ಮಾತ್ರೆ ನುಂಗಿದವರಲ್ಲಿ ಇದನ್ನು 1960ರಲ್ಲೇ ವೈದ್ಯರು ಗುರುತಿಸಿದ್ದರು. ಆಪರೇಷನ್ ಮಾಡಿದರೆ ನೋಟ ಮರಳುತ್ತದೆ. ಆದರೆ ಹತ್ತು ವರ್ಷದ ಹುಡುಗನ ಕಣ್ಣಿನಲ್ಲಿ ಅರವತ್ತರ ಪೊರೆ ಕಾಣುವುದು ಯಾವ ವೈದ್ಯರಿಗೂ ಸಹಜವೆನಿಸುವುದಿಲ್ಲ.

ಇನ್ನು ಕನಕಪುರ ರಸ್ತೆಯ ಮಾತು. ಹಾರೋಹಳ್ಳಿ, ಕನಕಪುರದ ಕಡೆಯಿಂದ ಬರುವ ರೈತರಿಗೆ ಬನಶಂಕರಿಯೇ ಬೆಂಗಳೂರಿನ ಹೆಬ್ಬಾಗಿಲು. ಕಬ್ಬಿನ ಗರಿ ಸವರಿ, ಕಣದಲ್ಲಿ ಹೊಟ್ಟು ಹಾರಿ, ಹುಲ್ಲಿನ ಕಡ್ಡಿ ಚುಚ್ಚಿ ಕಾರ್ನಿಯಾ ಗಾಯವಾಗುವುದು ಹೊಲದ ಕೆಲಸದಲ್ಲಿ ದಿನನಿತ್ಯದ ಸಂಗತಿ. ಆ ಗಾಯದಲ್ಲಿ ಶಿಲೀಂಧ್ರ ಬೆಳೆಯುವುದು ದಕ್ಷಿಣ ಭಾರತದಲ್ಲಿ ಬಹಳ ಹೆಚ್ಚು. ಕಾರ್ನಿಯಾದ ಸೋಂಕಿನ ಹುಣ್ಣುಗಳಲ್ಲಿ ದೊಡ್ಡ ಪಾಲು ಇದರದೇ. ಅಂಥ ಕಣ್ಣಿಗೆ ಅಂಗಡಿಯಿಂದ ತಂದ ಸ್ಟೀರಾಯ್ಡ್ ಮಿಶ್ರಣ ಹಾಕಿದರೆ ಮೊದಲೆರಡು ದಿನ ನೋವು ಕಡಿಮೆಯಾಗುತ್ತದೆ, ರೈತ ಹೊಲಕ್ಕೆ ಮರಳುತ್ತಾನೆ. ದೇಹದ ಕಾವಲು ಸಡಿಲವಾದ ಜಾಗದಲ್ಲಿ ಶಿಲೀಂಧ್ರ ಆಳಕ್ಕೆ ಇಳಿಯುತ್ತದೆ. ಕಪ್ಪುಗುಡ್ಡೆಯ ಮೇಲೆ ಬಿಳಿ ಕಲೆ ಹರಡಿದ ಮೇಲೆ ನಗರಕ್ಕೆ ಓಡಿಬಂದರೆ, ಕೆಲವೊಮ್ಮೆ ಕಾರ್ನಿಯಾ ಕಸಿಯೊಂದೇ ಗತಿ. ಹರ್ಪಿಸ್ ವೈರಸ್ಸಿನ ಹುಣ್ಣಿಗೂ ಇದೇ ಗತಿ. ಸಣ್ಣ ಗೆರೆಯಂತಿದ್ದದ್ದು ಸ್ಟೀರಾಯ್ಡ್ ಸೋಕಿದೊಡನೆ ಭೂಪಟದಂತೆ ಹರಡುತ್ತದೆ.

ಸ್ಟೀರಾಯ್ಡ್ ದೇಹದ ಕಾವಲನ್ನು ಹೇಗೆ ಕುಗ್ಗಿಸುತ್ತದೆ ಎಂಬುದನ್ನು ಬೆಂಗಳೂರು 2021ರ ಬೇಸಿಗೆಯಲ್ಲಿ ಕಣ್ಣಾರೆ ಕಂಡಿದೆ. ಕೋವಿಡ್ ಎರಡನೇ ಅಲೆಯ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರ ರೋಗಕ್ಕೆ ಬೌರಿಂಗ್, ಮಿಂಟೊ ಮುಂತಾದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ನಡೆಯಿತು. ಜೀವ ಉಳಿಸಲು ಕೆಲವರ ಕಣ್ಣನ್ನೇ ತೆಗೆಯಬೇಕಾಯಿತು. ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಜೀವದಾನ ಮಾಡಿದ್ದು ನಿಜ. ಬೇಡದವರಿಗೆ, ಬೇಕಾದದ್ದಕ್ಕಿಂತ ಹೆಚ್ಚು ದಿನ, ಸಕ್ಕರೆ ನೋಡದೆ ಕೊಟ್ಟಾಗ ಅದೇ ಔಷಧಿ ಆ ರೋಗಕ್ಕೆ ಬಾಗಿಲು ತೆರೆಯಿತೆಂಬುದೂ ನಿಜ.

ಮುಖ ಬೆಳ್ಳಗಾಗಲೆಂದು ಹಚ್ಚುವ ಕೆಲವು ಕ್ರೀಮುಗಳಲ್ಲೂ ಸ್ಟೀರಾಯ್ಡ್ ಇರುತ್ತದೆ. ರೆಪ್ಪೆಯ ಸುತ್ತ ಬಹುದಿನ ಹಚ್ಚಿದರೆ ಕಣ್ಣಿನ ಒತ್ತಡ ಏರಬಹುದು. ಇಂಥ ಕ್ರೀಮುಗಳ ಮೇಲೆ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು. ಉಬ್ಬಸಕ್ಕೆ ಸ್ಟೀರಾಯ್ಡ್ ಇರುವ ಇನ್ಹೇಲರ್ ಬಳಸುವವರು ಗಾಬರಿಯಾಗಿ ಅದನ್ನು ಬಿಡಬೇಕಿಲ್ಲ. ಕಣ್ಣಿನ ವೈದ್ಯರ ಬಳಿ ಹೋದಾಗ ಹೇಳಿದರೆ ಸಾಕು.

ಕಾನೂನು ಏನನ್ನುತ್ತದೆ? ಸ್ಟೀರಾಯ್ಡ್ ಇರುವ ಕಣ್ಣಿನ ಹನಿಗಳು ಶೆಡ್ಯೂಲ್ ಎಚ್ ವ್ಯಾಪ್ತಿಗೆ ಬರುತ್ತವೆ. ಅಂದರೆ ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. 1945ರ ಔಷಧ ನಿಯಮಗಳ 65ನೇ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ವೈದ್ಯರು ಮತ್ತೆ ಕೊಡಬಹುದೆಂದು ಚೀಟಿಯಲ್ಲೇ ಬರೆಯದಿದ್ದರೆ ಒಂದು ಚೀಟಿಗೆ ಒಮ್ಮೆ ಮಾತ್ರ ಔಷಧಿ. ಎರಡು ವರ್ಷದ ಹಿಂದಿನ ಚೀಟಿ ಹಿಡಿದು ಬಂದವರಿಗೆ ಹನಿ ಕೊಡುವುದು ಸಡಿಲ ರೂಢಿಯಷ್ಟೇ ಅಲ್ಲ, ನಿಯಮದ ಉಲ್ಲಂಘನೆ. ಎಂಟು ದಶಕ ಹಳೆಯ ಈ ನಿಯಮ ಕೌಂಟರಿನ ಮೇಲೆ ಬದುಕಿಲ್ಲದಿರುವುದಕ್ಕೆ ಕಾರಣ, ಯಾರಿಗೆ ಎಷ್ಟು ಸಲ ಕೊಟ್ಟೆವೆಂದು ನೋಡಲು ಪ್ರತ್ಯೇಕ ಪುಸ್ತಕವೇ ಇಲ್ಲದಿರುವುದು.

ಪುಸ್ತಕ ಇಡುವ ವ್ಯವಸ್ಥೆ ಬೇರೆ ಔಷಧಿಗಳಿಗೆ ಇದೆ. 2014ರಲ್ಲಿ ಜಾರಿಗೆ ಬಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿರುವ ಕೆಲವು ಆ್ಯಂಟಿಬಯೋಟಿಕ್, ಕ್ಷಯ ಮತ್ತು ನಿದ್ರೆಯ ಔಷಧಿಗಳನ್ನು ಮಾರಿದಾಗ ವೈದ್ಯರ ಹೆಸರು, ರೋಗಿಯ ಹೆಸರು, ಔಷಧಿಯ ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಸ್ಟೀರಾಯ್ಡ್ ಕಣ್ಣಿನ ಹನಿಗಳನ್ನೂ ಆ ಪಟ್ಟಿಗೆ ಸೇರಿಸಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಕೇಂದ್ರದ ಒಂದು ಅಧಿಸೂಚನೆ ಸಾಕು. ಅದು ಬರುವವರೆಗೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು ಇರುವ 65ನೇ ನಿಯಮವನ್ನೇ ಜಾರಿ ಮಾಡಬಹುದು.

ಅಂಗಡಿಯವರ ಉತ್ತರವೂ ಕೇಳತಕ್ಕದ್ದೇ. "ನಾನು ಕೊಡದಿದ್ರೆ ಪಕ್ಕದ ಅಂಗಡೀಲಿ ತಗೋತಾರೆ" ಎನ್ನುತ್ತಾರೆ. ಅದು ಸತ್ಯ. ನಿಯಮ ಎಲ್ಲ ಅಂಗಡಿಗೂ, ಮನೆ ಬಾಗಿಲಿಗೆ ಔಷಧಿ ತಲುಪಿಸುವ ಆ್ಯಪ್‌ಗಳಿಗೂ ಒಂದೇ ಆಗಬೇಕಾದದ್ದು ಇದಕ್ಕೇ. ವೈದ್ಯರೊಂದಿಗೆ ಫೋನಿನಲ್ಲಿ ಎಷ್ಟೇ ಹೊತ್ತು ಮಾತಾಡಿದರೂ ಕಣ್ಣಿನ ಒತ್ತಡ ಅಳೆಯಲು ಬರುವುದಿಲ್ಲ. ಪೋಷಕರದೂ ಒಂದು ಮಾತಿದೆ. ಖಾಸಗಿ ಕ್ಲಿನಿಕ್ಕಿನ ಫೀಸು, ಅರ್ಧ ದಿನದ ರಜೆ, ಕಾಯುವ ಸಾಲು, ಇವೆಲ್ಲ ಸೇರಿದರೆ ಕಡಿಮೆ ಬೆಲೆಯ ಬಾಟಲಿಯೇ ಸುಲಭವಾಗಿ ಕಾಣುತ್ತದೆ. ಹಾಗಾಗಿ ಕೌಂಟರನ್ನು ಬಿಗಿ ಮಾಡುವಷ್ಟೇ ಮುಖ್ಯ, ಒತ್ತಡ ಅಳೆಯುವ ವ್ಯವಸ್ಥೆಯನ್ನು ಹತ್ತಿರಕ್ಕೆ ತರುವುದು. ಜಯನಗರದ ಜನರಲ್ ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಹಾಕುತ್ತಿರುವ ಮಕ್ಕಳಿಗೆಂದೇ ವಾರಕ್ಕೊಂದು ಸಂಜೆ ಮೀಸಲಿಡಬಹುದು. ವಾರ್ಡುಗಳಲ್ಲಿರುವ ಸರ್ಕಾರದ 'ನಮ್ಮ ಕ್ಲಿನಿಕ್'ಗಳು ಅಲ್ಲಿಗೆ ಮಕ್ಕಳನ್ನು ಕಳಿಸಿಕೊಡಬಹುದು.

ವೈದ್ಯರ ಪಾಲೂ ಇದರಲ್ಲಿದೆ. ಪೊರೆಯ ಆಪರೇಷನ್ ಆದವರಿಗೆ ದಿನ ಲೆಕ್ಕ ಹಾಕಿ ಪಟ್ಟಿ ಕೊಡುವ ವೃತ್ತಿಯೇ, ಅಲರ್ಜಿಯ ಮಗುವಿನ ಚೀಟಿಯಲ್ಲಿ ಎಷ್ಟೋ ಸಲ ಹನಿಯ ಹೆಸರು, ದಿನಕ್ಕೆಷ್ಟು ಸಲ ಎಂಬುದನ್ನಷ್ಟೇ ಬರೆದು ಸುಮ್ಮನಾಗುತ್ತದೆ. ನಿಲ್ಲಿಸುವ ದಿನ ಇಲ್ಲದ ಸ್ಟೀರಾಯ್ಡ್ ಚೀಟಿ ಅರ್ಧ ಚೀಟಿ. ದೀರ್ಘಕಾಲ ಚಿಕಿತ್ಸೆ ಬೇಕಾದ ಮಕ್ಕಳಿಗೆ ಸೈಕ್ಲೋಸ್ಪೋರಿನ್ ಹನಿ, ಟ್ಯಾಕ್ರೋಲಿಮಸ್ ಮುಲಾಮು ಮುಂತಾದ ಬೇರೆ ದಾರಿಗಳಿವೆ. ಕೆಲವಕ್ಕೆ ಬೆಲೆ ಹೆಚ್ಚು, ಪರಿಣಾಮ ನಿಧಾನ. ಹಾಗಿದ್ದರೂ ಅವು ಒತ್ತಡ ಏರಿಸುವುದಿಲ್ಲ ಎಂಬುದನ್ನು ಐದು ನಿಮಿಷ ಕೂತು ತಂದೆತಾಯಿಗೆ ವಿವರಿಸಿದರೆ ಅವರು ಖಂಡಿತ ಕೇಳುತ್ತಾರೆ.

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ, ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯುವಂತಾಗಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದಿದ್ದರು. ಔಷಧಿಯ ಹೆಸರು ಯಾವ ಲಿಪಿಯಲ್ಲಿರಬೇಕೆಂಬ ಚರ್ಚೆ ಮುಂದುವರಿಯಲಿ. ಕಣ್ಣಿನ ವಿಷಯದಲ್ಲಿ ಮೂರು ವಾಕ್ಯ ಮಾತ್ರ ಇವತ್ತಿನಿಂದಲೇ ಕನ್ನಡದಲ್ಲಿ ಬರಬಹುದು: ಇದು ಸ್ಟೀರಾಯ್ಡ್. ಈ ತಾರೀಕಿಗೆ ನಿಲ್ಲಿಸಿ. ಈ ತಾರೀಕಿಗೆ ಬಂದು ಒತ್ತಡ ನೋಡಿಸಿ. ರಬ್ಬರ್ ಸ್ಟಾಂಪ್ ಮಾಡಿಸಿಟ್ಟುಕೊಂಡರೆ ಬರೆಯುವ ಶ್ರಮವೂ ಉಳಿಯುತ್ತದೆ.

ಅಲ್ಲಿಯವರೆಗೆ ಮನೆಯಲ್ಲಿರುವ ಬಾಟಲಿಯನ್ನು ಮನೆಯವರೇ ಓದಿಕೊಳ್ಳಬಹುದು. ಔಷಧಿಯ ಹೆಸರು ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್‌ನಂತೆ "ಸೋನ್" ಎಂದೋ, ಪ್ರೆಡ್ನಿಸೊಲೋನ್, ಫ್ಲೂರೊಮೆಥೊಲೋನ್‌ನಂತೆ "ಲೋನ್" ಎಂದೋ ಮುಗಿದಿದ್ದರೆ, ನಡುವೆ "ಪ್ರೆಡ್ನ" ಎಂದಿದ್ದರೆ ಅದು ಸ್ಟೀರಾಯ್ಡ್. ಬ್ರ್ಯಾಂಡಿನ ಹೆಸರಿನ ಬಾಲದಲ್ಲಿ "ಡಿ" ಅಥವಾ "ಡಿಎಂ" ಎಂದಿದ್ದರೆ ಅದು ಎಷ್ಟೋ ಸಲ ಡೆಕ್ಸಾಮೆಥಾಸೋನ್ ಸೇರಿರುವ ಗುರುತು. ಫ್ಲೂರೊಮೆಥೊಲೋನ್, ಲೋಟೆಪ್ರೆಡ್ನಾಲ್ ಇವು ಒತ್ತಡವನ್ನು ಕಡಿಮೆ ಏರಿಸುತ್ತವೆ. ಏರಿಸುವುದೇ ಇಲ್ಲ ಎಂದಲ್ಲ.

ತಿಂಗಳುಗಳಿಂದ ಇಂಥ ಹನಿ ಹಾಕುತ್ತಿರುವವರು ಇದನ್ನು ಓದಿ ತಕ್ಷಣ ಬಾಟಲಿ ಎಸೆಯಬಾರದು. ಕೆಲವು ಕಾಯಿಲೆಗಳಲ್ಲಿ ಒಮ್ಮೆಲೇ ನಿಲ್ಲಿಸಿದರೆ ಉರಿಯೂತ ಇಮ್ಮಡಿಯಾಗಿ ಮರಳುತ್ತದೆ. ಬಾಟಲಿಯನ್ನೂ ಹಳೇ ಚೀಟಿಯನ್ನೂ ಹಿಡಿದು ಕಣ್ಣಿನ ವೈದ್ಯರ ಬಳಿಗೆ ಹೋಗಿ, ಒತ್ತಡ ನೋಡಿ, ಕಣ್ಣಿನ ನರ ನೋಡಿ ಎಂದು ಬಾಯಿಬಿಟ್ಟು ಕೇಳಬೇಕು. ಪರೀಕ್ಷೆಗೆ ಹೆದರುವಂಥದ್ದೇನಿಲ್ಲ. ಕಣ್ಣು ಮರಗಟ್ಟಲು ಒಂದು ಹನಿ, ಹಳದಿ ಬಣ್ಣದ ಇನ್ನೊಂದು ಹನಿ, ಗಲ್ಲ ಊರಿ ಕೂತರೆ ನೀಲಿ ಬೆಳಕಿನ ಪುಟ್ಟ ತುದಿಯೊಂದು ಕಾರ್ನಿಯಾವನ್ನು ಮೆಲ್ಲಗೆ ಮುಟ್ಟಿ ಬರುತ್ತದೆ. ಅದಕ್ಕೆ ಒಪ್ಪದ ಚಿಕ್ಕ ಮಕ್ಕಳಿಗೆ ಗಾಳಿ ಊದಿ ಅಳೆಯುವ ಯಂತ್ರವಿದೆ. ಖಾಸಗಿ ಆಸ್ಪತ್ರೆ ದುಬಾರಿಯೆನಿಸಿದರೆ ಬನಶಂಕರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿಯಬಹುದು. 1896ರಿಂದ ಬೆಂಗಳೂರಿನ ಕಣ್ಣು ನೋಡುತ್ತಾ ಬಂದಿರುವ ಮಿಂಟೊ ಸರ್ಕಾರಿ ಕಣ್ಣಿನ ಆಸ್ಪತ್ರೆ ಅಲ್ಲಿಂದ ಹತ್ತಿರದಲ್ಲೇ ಇದೆ. ಒತ್ತಡ ಏರಿದ್ದು ಕಂಡುಬಂದರೆ ಅಣ್ಣ ತಮ್ಮ, ಅಕ್ಕ ತಂಗಿಯರ ಕಣ್ಣನ್ನೂ ಒಮ್ಮೆ ತೋರಿಸುವುದು ಒಳ್ಳೆಯದು, ಏಕೆಂದರೆ ಸ್ಟೀರಾಯ್ಡಿಗೆ ಒಗ್ಗದ ಗುಣ ಒಂದೇ ಮನೆಯಲ್ಲಿ ಹಲವರಿಗೆ ಇರಬಹುದು.